ಬೇಡಿಕೆಯಿಲ್ಲದ ಪ್ರಾರ್ಥನೆ

ನಮ್ಮವರು ಪ್ಲಂಬರ್. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಬಾಯಲ್ಲಿ ಬ್ರಷ್, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಪ್ಯಾನರ್. ನೆಟ್ಟಗೆ ಕೂತು ಉಂಡದ್ದನ್ನು ನಾನು ಕಂಡದ್ದು ಕಮ್ಮಿ. ಪ್ರಾರ್ಥನೆಯೂ ಹಾಗೆಯೇ. ಬೆಳಿಗ್ಗೆ ಚಪ್ಪಲಿ ಹುಡುಕುತ್ತಾ, "ಕರ್ತನೇ, ಗಾಡಿ ಕೈಕೊಡದ ಹಾಗೆ ನೋಡ್ಕೋ, ಮೇಲ್ಗಡೆ ಮನೆ ಪೈಪು ಒಡೀದೇ ಇರಲಿ, ಮಗಳು ಮನೆಗೆ ಬರಲಿ" ಎಂದು ಒದರಿ ಹೊರಡುವರು. ಆಮೆನ್ ಕೇಳಿಸುವುದು ಮೆಟ್ಟಿಲ ಮೇಲೆ.

ಮಗಳ ವಿಷಯ ಹೇಳಿಬಿಡುತ್ತೇನೆ. ಒಬ್ಬಳೇ ಮಗಳು, ಶಾಲೆಯಲ್ಲಿ ಟೀಚರ್. ಮದುವೆ ಮದುವೆ ಎಂದು ನಾವಿಬ್ಬರೂ ಅವಳ ತಲೆ ತಿಂದೆವು. ಒಂದು ದಿನ ಬಟ್ಟೆ ತುಂಬಿಕೊಂಡು ಹೋಗಿ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ರೂಮು ಹಿಡಿದಳು. ಆಮೇಲೆ ನಮ್ಮ ಹೊಸ್ತಿಲು ತುಳಿದಿಲ್ಲ. ಇವರು ದಿನಾ ಫೋನ್ ಮಾಡಿ "ಯಾವಾಗ ಬರ್ತೀಯಮ್ಮ?" ಎನ್ನುವುದು, ಅವಳು "ನೋಡೋಣ" ಎನ್ನುವುದು. ಬರಬರುತ್ತಾ ಫೋನ್ ಎತ್ತುವುದನ್ನೇ ಬಿಟ್ಟಳು. ಇವರಿಗೆ ಊಟ ಸೇರದು. ನನಗೋ, ಯಾರ ಮೇಲೆಂದು ತಿಳಿಯದ ಸಿಟ್ಟು.

ಇದರ ನಡುವೆ ನಮ್ಮ ಸಭೆಯ ಪಾಸ್ಟರ್ ಮನೆಯ ಸಿಂಕ್ ಕಟ್ಟಿಕೊಂಡಿತು. ಇವರು ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡೇ ಗೋಳು ತೋಡಿಕೊಂಡರಂತೆ. "ಇಷ್ಟು ಬೇಡ್ಕೊಂಡ್ರೂ ದೇವರು ಕಿವೀಗೇ ಹಾಕ್ಕೊಳ್ತಿಲ್ಲ, ಪಾಸ್ಟರೇ."

ಪಾಸ್ಟರ್ ಪಕ್ಕದಲ್ಲಿ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. "ಏನೂ ಕೇಳದೆ ಒಂದ್ಸಲ ಆತನ ಹತ್ರ ಮಾತಾಡಿದ್ದೀರಾ? ನೀನು ಎಂಥವನು ಅಂತ ಹೇಳೋದು, ಬರೀ ಸ್ತುತಿ. ಒಂದು ವಾರ ಮಾಡಿ ನೋಡಿ."

ಅಯ್ಯೋ, ಆ ವಾರ ನಾನು ಪಟ್ಟ ಪಾಡು! ಇವರು ಮಂಚದ ಅಂಚಿನಲ್ಲಿ ಕೂತು ಶುರುಮಾಡಿದರು. "ಕರ್ತನೇ, ನೀನು ದೊಡ್ಡವನು. ನಿನ್ನಿಂದ ಆಗದ್ದು ಯಾವುದೂ ಇಲ್ಲ. ಅದಕ್ಕೇ ನನ್ನ ಮಗಳನ್ನ..." ತಟ್ಟನೆ ಬಾಯಿ ಮುಚ್ಚಿಕೊಂಡರು. "ನೀನು ಕರುಣಾಮಯಿ. ಕರುಣೆ ಇದ್ಮೇಲೆ ಅವಳಿಗೊಂಚೂರು ಬುದ್ಧಿ..." ಮತ್ತೆ ನಿಂತಿತು. ಎದ್ದರು, ಕಿಟಕಿ ತೆರೆದರು, ಮುಚ್ಚಿದರು, ಪುನಃ ಬಂದು ಕೂತರು.

"ರೀ, ಇದು ಸ್ತುತೀನೋ, ದೇವರಿಗೆ ಬೆಣ್ಣೆ ಹಚ್ಚೋದೋ?" ಎಂದೆ.

"ನಂಗೂ ಅದೇ ಅನುಮಾನ ಕಣೇ." ಮುಖ ಸಪ್ಪಗಾಗಿತ್ತು. ನನಗೆ ನಗು ಬಂದರೂ ನುಂಗಿಕೊಂಡೆ.

ಗುರುವಾರ ಕೆಲಸದಿಂದ ಬಂದವರೇ ಫೋನನ್ನು ಮೇಜಿನ ಮೇಲೆ ಕುಕ್ಕಿದರು. "ಬೆಳಿಗ್ಗೆಯಿಂದ ಒಂದೇ ಸಮನೆ ಫೋನು. ಎಲ್ಲಾ ನಲ್ಲಿ, ಟ್ಯಾಂಕು, ಕಕ್ಕಸು. ಹೇಗಿದ್ದೀಯಪ್ಪ ಅಂತ ಒಬ್ಬನಾದ್ರೂ ಕೇಳಬೇಕಲ್ಲ! ಆಮೇಲೆ ಹೊಳೀತು, ದೇವರಿಗೆ ನಾನೂ ಅಂಥ ಗಿರಾಕೀನೇ."

ಕೈ ತೊಳೆಯಲು ನಲ್ಲಿ ತಿರುಗಿಸಿದರು. ನೀರು ಕೈಮೇಲೆ ಬೀಳುತ್ತಿದ್ದಂತೆ ಹಾಗೇ ನಿಂತರು. "ಕರ್ತನೇ, ಇಷ್ಟು ವರ್ಷ ಪೈಪು ಜೋಡಿಸಿದೆ. ಒಂದು ಹನಿ ನೀರು ಮಾಡೋಕೆ ನನ್ನ ಕೈಲಾಗಲಿಲ್ಲ. ನೀನು ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದ್ದೀಯ! ನಿನಗೆ ಸ್ತೋತ್ರ."

ನಾನು ಸೌಟು ಹಿಡಿದು 'ಅದಕ್ಕೇ' ಬರಲಿ ಎಂದು ಕಾದೆ. ಬರಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು.

"ಮಗಳನ್ನ ಮರೆತೇಬಿಟ್ರಾ?"

"ಮರೆಯೋದುಂಟಾ? ಅವಳನ್ನ ಮಾಡಿದವನ ಹತ್ರಾನೇ ನಿಂತಿದ್ದೆನಲ್ಲ."

ಶನಿವಾರ ಮಧ್ಯಾಹ್ನ ಅವಳಿಗೆ ಫೋನ್ ಹಚ್ಚಿದರು. ಅದೇನು ಪುಣ್ಯವೋ, ಎತ್ತಿದಳು. ನಾನು ಸ್ಪೀಕರ್ ಒತ್ತಿದೆ.

"ಏನಪ್ಪ, ಮತ್ತೆ ಬರೋ ವಿಷಯಾನಾ?" ದನಿ ಬಿಗಿದುಕೊಂಡಿತ್ತು.

"ಅಲ್ಲಮ್ಮ, ಏನೂ ಕೇಳೋಕಲ್ಲ. ನೀನು ಚಿಕ್ಕೋಳಿದ್ದಾಗ ಸೋರೋ ನಲ್ಲಿ ಕೆಳಗೆ ಅಂಗೈ ಹಿಡ್ಕೊಂಡು ನಿಲ್ತಿದ್ದೆ. ಯಾಕೇ ಅಂದ್ರೆ, ಪಾಪ ನೀರಿಗೆ ಪೆಟ್ಟಾಗುತ್ತೆ ಅಂತಿದ್ದೆ. ಅಂಥ ಮಗಳು ನೀನು. ನೀನಂದ್ರೆ ನಂಗೆ ಪ್ರಾಣ ಕಣಮ್ಮ. ಬಾಯಿಬಿಟ್ಟು ಹೇಳೇ ಇರಲಿಲ್ಲ."

'ಯಾವಾಗ ಬರ್ತೀಯೇ' ಎನ್ನುವುದು ನನ್ನ ನಾಲಿಗೆ ತುದಿಗೇ ಬಂದಿತ್ತು. ಬಾಯಿಗೆ ಕೈ ಒತ್ತಿಕೊಂಡು ಅತ್ತಿಂದಿತ್ತ ಓಡಾಡಿದೆ.

"ಅಪ್ಪಾ, ಹುಷಾರಾಗಿದ್ದೀಯ ತಾನೇ?"

"ಗುಂಡುಕಲ್ಲಿನ ಹಾಗಿದ್ದೀನಿ."

"ಮತ್ತೆ... ನಿಜವಾಗ್ಲೂ ಏನೂ ಬೇಡ್ವಾ?"

"ಏನೂ ಬೇಡಮ್ಮ."

ಅವಳು ಬಿಕ್ಕುವುದು ಕೇಳಿಸಿತು. "ಹಾಗಾದ್ರೆ ಸ್ವಲ್ಪ ಹೊತ್ತು ಮಾತಾಡ್ತಾ ಇರಪ್ಪ," ಎಂದಳು.

ಇವರು ಕಣ್ಣೊರೆಸಿಕೊಂಡರು. ಫೋನನ್ನು ನನ್ನ ಕೈಗಿಟ್ಟರು.

"ನಾನೂ ಇಲ್ಲೇ ಇದ್ದೀನಿ ಕಣೇ," ಎಂದೆ. ಯಾವಾಗ ಬರ್ತೀಯ ಎಂದು ಮಾತ್ರ ಕೇಳಲೇ ಇಲ್ಲ.