ಮಲ್ಟಿವ್ಯಾಲ್ಯೂ ಅಕ್ಕ
ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವರು ಎಲ್ಲರಿಗೂ ಮಲ್ಟಿವ್ಯಾಲ್ಯೂ ಅಕ್ಕ. ಒಬ್ಬ ರೋಗಿಯ ಹತ್ತಾರು ಔಷಧಿಗಳನ್ನು ಒಂದೇ ಕಾಲಂನಲ್ಲಿ ಒಟ್ಟಿಗೆ ಇಡುವ ಹಳೆಯ ಮಲ್ಟಿವ್ಯಾಲ್ಯೂ ಡೇಟಾಬೇಸ್‌ಗೆ ಅವರೇ ಪ್ರೋಗ್ರಾಮರ್, ಅವರೇ ಕಾವಲು. ಅದನ್ನು ಯಾರಾದರೂ ಹಳತು ಎಂದರೆ ಕೋಪ ಮೂಗಿನ ತುದಿಗೆ ಬರುತ್ತದೆ. ಪ್ರೋಗ್ರಾಂ ತಪ್ಪು ತೋರಿಸಿದರೆ ಪರದೆಯನ್ನೇ ಗದರಿಸುತ್ತಾರೆ. ತಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ ಎಂದು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳಿಕೊಳ್ಳುತ್ತಾರೆ, ಹೊಸಬರು ಓದಿನ ಮಾತೆತ್ತಿದರೆ, "ಪ್ರೋಗ್ರಾಂ ಕೋಡು ನಿನ್ನ ಡಿಗ್ರಿ ಕೇಳುತ್ತದೇನಪ್ಪಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಡೇಟಾಬೇಸ್ ಬದಲಾಗುತ್ತದೆಂಬ ಸುದ್ದಿ ಹಬ್ಬಿದ ಮೇಲಂತೂ ಅವರ ದನಿ ಇನ್ನೂ ಜೋರಾಯಿತು. ಮೊನ್ನೆ ಮಗಳು ಕಚೇರಿಗೇ ಬಂದು, "ಅಮ್ಮಾ, ನಾನು ಕಾಲೇಜು ಬಿಡ್ತೀನಿ. ನಿನ್ ಹತ್ರಾನೇ ಪ್ರೋಗ್ರಾಮಿಂಗ್ ಕಲೀತೀನಿ" ಎಂದಳು. ಅಕ್ಕ ಹಿಗ್ಗುತ್ತಾರೆಂದು ನಾವು ಕಾದೆವು. ಅವರ ಮುಖ ಬಿಳಿಚಿಕೊಂಡಿತು. "ಆಗಲ್ಲ." "ಯಾಕಮ್ಮಾ? ಡಿಗ್ರಿ ಇಲ್ದೆ ನಿಂಗೇನು ಕಡಿಮೆ ಆಗಿದೆ?" ಅಕ್ಕ ನಮ್ಮತ್ತ ನೋಡದೆ ದನಿ ತಗ್ಗಿಸಿದರು: "ಬೇರೆ ಕಡೆ ಒಂದೇ ಒಂದು ಅರ್ಜಿ ಹಾಕಿಲ್ಲ ಕಣೇ ನಾನು, ಡಿಗ್ರಿ ಕೇಳ್ತಾರೇನೋ ಅಂತ. ಹೊಸ ಮ್ಯಾನೇಜರ್ ಬಂದಾಗೆಲ್ಲ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡ್ತೀನಿ. ಈ ಹೆದರಿಕೆ ನಿಂಗೆ ಬೇಡ." ಮಗಳು ಎದ್ದು ಮಧ್ಯಾಹ್ನದ ಕ್ಲಾಸಿಗೆ ಹೊರಟಳು, ಅವಳು ಬಸ್ಸು ಹತ್ತುವವರೆಗೂ ಅಕ್ಕ ಕಿಟಕಿ ಬಿಟ್ಟು ಕದಲಲಿಲ್ಲ.