ಮರ ಅಕ್ಕನದು, ಕಬ್ಬಿಣ ತಮ್ಮನದು

ಬೀದಿಗೆಲ್ಲ ಅವಳು ಮರದಕ್ಕ. ಕೋವಿ ರಿಪೇರಿ ಅಂಗಡಿಯಲ್ಲಿ ಮರದ ಕೆಲಸವೆಲ್ಲ ಅವಳ ಪಾಲು, ಕಬ್ಬಿಣದ್ದೆಲ್ಲ ತಮ್ಮನ ಪಾಲು. ಬದುಕಿದ್ದಾಗ ಅಪ್ಪ ಹಾಕಿಕೊಟ್ಟ ಗೆರೆ ಅದು: ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಕೂಡದು. ಚಿಕ್ಕಂದಿನಲ್ಲಿ ಇಬ್ಬರೂ ಹಾವು ಮುಂಗುಸಿ. ಆ ಗೆರೆಯಿಂದಲೇ ಅಂಗಡಿ ಒಡೆಯದೆ ಉಳಿಯಿತೆನ್ನಬೇಕು.

ಅವಳು ಹಾಕಿದ ಅಂಟು ಬಿಟ್ಟದ್ದೇ ಇಲ್ಲ. ಅಂಥದ್ದರಲ್ಲಿ ತೋಟ ಕಾಯುವವನ ಹಳೇ ಜೋಡಿ ನಳಿಗೆ ಕೋವಿ ವಾಪಸು ಬಂತು. ನಳಿಗೆಯ ಕೆಳಗೆ ಎಡಗೈಯಲ್ಲಿ ಹಿಡಿಯುವ ಮರವನ್ನು ಅವಳೇ ಕೂಡಿಸಿಕೊಟ್ಟಿದ್ದಳು. ಅದು ಮತ್ತೆ ಸೀಳಿತ್ತು. ಅವನು ಬೈಯಲಿಲ್ಲ, ನಿಮಗೂ ವಯಸ್ಸಾಯಿತಲ್ಲ, ಕೈ ಸೋತಿರಬೇಕು ಎಂದು ಮರುಕದಿಂದ ಹೇಳಿ ಹೋದ. ಬೈದಿದ್ದರೇ ವಾಸಿಯಿತ್ತು. ಕೆಲವು ತಿಂಗಳಿಂದ ಬೆಳಗಿನ ಹೊತ್ತು ಅವಳ ಬೆರಳು ಬಿಗಿಯುತ್ತಿದ್ದವು, ಯಾರಿಗೂ ಹೇಳಿರಲಿಲ್ಲ. ಈ ಸಲದ ರಿಪೇರಿಯೂ ಕೈಕೊಟ್ಟರೆ ಉಳಿಗಳನ್ನು ಎತ್ತಿಟ್ಟುಬಿಡುವುದೇ ಸರಿ ಎಂದು ಒಳಗೊಳಗೇ ನಿಶ್ಚಯಿಸಿದಳು. ಭಯವಾಗಿತ್ತು.

ಎಣ್ಣೆ ಕುಡಿದ ಮರಕ್ಕೆ ಅಂಟು ಹತ್ತದು. ಸೀಳಿನ ಮೇಲೆ ಸೀಮೆಸುಣ್ಣದ ಪುಡಿ ಮೆತ್ತಿ, ಬಿಸಿ ತಾಗಿಸಿ, ವರ್ಷಗಟ್ಟಲೆಯ ಎಣ್ಣೆ ಹೀರಿಸಿದಳು. ಕೊಳೆ ಹೋದ ಮೇಲೆ ನೋಡಿದರೆ ಹಳೇ ಅಂಟಿನ ಗೆರೆ ಒಂದಿಷ್ಟೂ ಅಲುಗಿರಲಿಲ್ಲ. ಹೊಸ ಸೀಳು ಅದರ ಪಕ್ಕದಲ್ಲಿತ್ತು. ಅಂದರೆ ಮರಕ್ಕೆ ಏನೋ ಗುದ್ದುತ್ತಿದೆ.

ತಮ್ಮ ಚಹಾಕ್ಕೆ ಹೋಗಿದ್ದ. ಕೋವಿಯಿಂದ ಬಿಚ್ಚಿಟ್ಟ, ಆ ಮರದೊಳಗೆ ಕೂರುವ ಕಬ್ಬಿಣದ ತುಂಡು ಅವನ ಮೇಜಿನ ಮೇಲಿತ್ತು. ಹುಟ್ಟಿದಾರಭ್ಯ ಮುಟ್ಟದ ಮೇಜು. ತುಂಡನ್ನು ಎತ್ತಿಕೊಂಡು, ದೀಪದ ಮಸಿ ಹಿಡಿಸಿ, ಮರದೊಳಗೆ ಒತ್ತಿ ತೆಗೆದಳು. ಕಬ್ಬಿಣ ಕೂರುವ ಜಾಗಕ್ಕೆಲ್ಲ ಮಸಿ ಹತ್ತಬೇಕಿತ್ತು. ಒಂದೇ ಮೂಲೆಗೆ ಹತ್ತಿತ್ತು. ಗುಂಡು ಹಾರಿದಾಗಲೆಲ್ಲ ಕೋವಿಯ ಒದೆತ ಪೂರ್ತಿ ಆ ಮೂಲೆಗೇ ಬೀಳುತ್ತಿತ್ತು.

ಬಂದ ತಮ್ಮ ಅವಳ ಕೈಯಲ್ಲಿ ಕಬ್ಬಿಣ ಕಂಡು ಮುಖ ಗಂಟಿಕ್ಕಿದ. ಅವಳು ಮರವನ್ನು ಮುಂದೆ ಹಿಡಿದಳು. ಅವನಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ. ಕಳೆದ ಸಲ ತುಕ್ಕು ತೆಗೆಯುವಾಗ ಅರ ಹಾಕಿ ಒಂದು ಬದಿ ಹೆಚ್ಚು ಸವೆಸಿದ್ದ.

"ಮರಕ್ಕೆ ಕೂರಿಸಿ ನೋಡ್ಲೇ ಇಲ್ಲ. ಮರ ನಿಂದಲ್ವಾ ಅಂತ ಬಿಟ್ಟೆ."

"ಕಬ್ಬಿಣ ನಿಂದು ಅಂತ ನಾನೂ ನೋಡ್ಲಿಲ್ಲ."

"ಹಾಗಾದ್ರೆ ತಪ್ಪು ಯಾರ್ದು?"

"ಅಪ್ಪಂದು ಕಣೋ."

ಅಪ್ಪನ ಮೇಲೆ ಆ ಅಂಗಡಿಯಲ್ಲಿ ಯಾರೂ ತಪ್ಪು ಹೊರಿಸಿದವರಲ್ಲ. ತಮ್ಮ ನಗಬೇಕೋ ಬೇಡವೋ ತಿಳಿಯದೆ ನಿಂತ. ಅವಳಿಗೆ ಮಾತ್ರ ಅಳು ಬಂತು, ಸಂತೋಷಕ್ಕೆ. ಕೈ ಸೋತಿರಲಿಲ್ಲ.

ಸವೆದ ಬದಿಗೆ ಅವನು ತೆಳು ಹಿತ್ತಾಳೆ ತಗಡು ಕೂರಿಸಿದ. ಅವಳು ಸೀಳಿಗೆ ಅಂಟು ತುಂಬಿದಳು, ಅವನು ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿದ. ಆಗ ಅವಳು ಬೆರಳು ನೀವಿಕೊಂಡದ್ದನ್ನು ನೋಡಿ, ಯಾವಾಗಿನಿಂದ ಹೀಗೆ ಎಂದು ಕೇಳಿದ.

ಇಷ್ಟು ವರ್ಷದಲ್ಲಿ ಅವನು ಅವಳ ಕೈ ನೋಡಿದ್ದು ಅದೇ ಮೊದಲು. ಅವಳು ಎಲ್ಲವನ್ನೂ ಹೇಳಿದಳು.