ಚಿಕ್ಕಮ್ಮನ ಹೆಸರಿನ ಪಕ್ಕದ ಖಾಲಿ ಚೌಕ

ಆಫೀಸಿನಲ್ಲಿ ಅವಳಿಗೆ ಬೆಂಕಿಪೆಟ್ಟಿಗೆ ಎಂದು ಹೆಸರು. ಕರೆಯುತ್ತಿದ್ದುದು ಬೆನ್ನ ಹಿಂದೆ, ಎದುರಿಗೆ ಕರೆಯುವ ಎದೆಗಾರಿಕೆ ಅಲ್ಲಿ ಯಾರಿಗಿತ್ತು? ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಸುಮ್ಮಸುಮ್ಮನೆ ಬರುವ ಕೋಪವಲ್ಲ ಅದು, ಪ್ರತಿ ಸಲವೂ ಯಾವನಾದರೂ ಒಬ್ಬ ಕೆರಳಿಸಿಯೇ ಇರುತ್ತಿದ್ದ.

ಹೆತ್ತಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಚಿಕ್ಕಮ್ಮ. ಹೊಲಿಗೆ ಯಂತ್ರ ತುಳಿದು ತುಳಿದೇ ಹುಡುಗಿಗೆ ಕಂಪ್ಯೂಟರ್ ಓದಿಸಿದಳು. ತೇಪೆ ಹಾಕಿದರೆ ಅದು ಕಾಣುವಂತೆಯೇ ಹಾಕುತ್ತಿದ್ದಳು. "ಮುಚ್ಚಿಟ್ರೆ ತೊಟ್ಟೋನಿಗೆ ಗೊತ್ತಾಗಲ್ಲ ಕಣೇ, ಜೋರಾಗಿ ಎಳೆದು ಇನ್ನೂ ಹರ್ಕೋತಾನೆ" ಅನ್ನುವುದು ಅವಳ ವಾದ. ಗಿರಾಕಿಗಳು ಗೊಣಗುತ್ತಿದ್ದರು, ಆದರೂ ಬಟ್ಟೆ ಅವಳ ಹತ್ತಿರವೇ ತರುತ್ತಿದ್ದರು.

ಬೆಂಕಿಪೆಟ್ಟಿಗೆಯ ಕೆಲಸ ಆಸ್ಪತ್ರೆಯೊಂದಕ್ಕೆ ವೆಬ್ ಪುಟ ಬರೆಯುವುದು. ರೋಗಿಗಳು ಕಾಯುವ ಹಜಾರದ ಗೋಡೆಯ ಮೇಲಿನ ಬೋರ್ಡು ಕೂಡ ಅಂಥದೇ ಒಂದು ಪುಟ. ಎಡಕ್ಕೆ ರೋಗಿಯ ಹೆಸರು, ಬಲಕ್ಕೆ ಹೋಗಬೇಕಾದ ಕೋಣೆಯ ನಂಬರು. ಪ್ರತಿ ಸಾಲಿಗೂ ಆ ಪುಟದ ಟೆಂಪ್ಲೇಟು, ಅಂದರೆ ಸಾಲುಗಳನ್ನು ಮೂಡಿಸುವ ಅಚ್ಚು, ಒಂದೇ ಪ್ರಶ್ನೆ ಕೇಳುತ್ತದೆ: ಈ ರೋಗಿಯ ಡಾಕ್ಟರ ಕೋಣೆ ಯಾವುದು? ಒಂದು ದಿನ ಕಣ್ಣಿನ ಡಾಕ್ಟರು ಕೆಲಸ ಬಿಟ್ಟು ಹೋದರು. ಆಸ್ಪತ್ರೆಯವರು ಅವರ ಹೆಸರು ಅಳಿಸಿದರು, ಕಣ್ಣಿನ ರೋಗಿಗಳಿಗೆ ಚೀಟಿ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಡಾಕ್ಟರು ಇರಬೇಕಾದ ಜಾಗದಲ್ಲಿ ಈಗ ಬರೀ 'ನಲ್', ಅಂದರೆ ಯಾರೂ ಇಲ್ಲ. ಇಲ್ಲದವರ ಕೋಣೆ ಕೇಳಿದರೆ ಪುಟವಾದರೂ ಏನು ಹೇಳೀತು? ಬೋರ್ಡು ಪೂರ್ತಿ ಕಪ್ಪಾಯಿತು.

ಮ್ಯಾನೇಜರು ಓಡಿ ಬಂದರು. "ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಮ್ಮ, ಮುಗೀತು."

ಟೆಂಪ್ಲೇಟಿನೊಳಗೆ ಆ ಚಿಹ್ನೆ ಹಾಕಿದರೆ, ಡಾಕ್ಟರಿದ್ದರೆ ಕೋಣೆ ತೋರಿಸು, ಇಲ್ಲದಿದ್ದರೆ ತೆಪ್ಪಗಿರು ಎಂದು ಪುಟಕ್ಕೆ ಹೇಳಿದಂತೆ.

"ಆ ಜಾಗ ಖಾಲಿ ಬರತ್ತೆ ಸಾರ್. ಕೂತಿರೋರಿಗೆ ಏನಂತ ಗೊತ್ತಾಗತ್ತೆ? ಡಾಕ್ಟರ್ ಇಲ್ಲ, ಕೌಂಟರಲ್ಲಿ ಕೇಳಿ ಅಂತ ಬರೀತೀನಿ."

"ಆಸ್ಪತ್ರೆ ಗೋಡೆ ಮೇಲೆ ಡಾಕ್ಟರ್ ಇಲ್ಲ ಅಂತ ಬರೀತೀಯಾ? ನಾಳೆಯಿಂದ ಅವರು ನಮಗೆ ಕೆಲಸ ಕೊಡ್ತಾರಾ? ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಅವಳು ಹಾಕಲಿಲ್ಲ. ಅವರೇ ಕೂತು ಹಾಕಿದರು. ಬೋರ್ಡು ಮತ್ತೆ ಬೆಳಗಿತು, ಆಮೇಲೆ ಒಂದು ದೂರೂ ಬರಲಿಲ್ಲವೆಂದು ಮ್ಯಾನೇಜರಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ದೂರು ಎಲ್ಲಿಂದ ಬರಬೇಕು ಸ್ವಾಮಿ? ಖಾಲಿ ಚೌಕಕ್ಕೆ ಬಾಯಿದೆಯೇ?

ಕೆಲವು ವಾರಗಳಾದ ಮೇಲೆ ಚಿಕ್ಕಮ್ಮನ ಎಡಗಣ್ಣು ಬೆಳಗಾಗುವಷ್ಟರಲ್ಲಿ ಕೆಂಡವಾಗಿತ್ತು. ತಲೆ ಸಿಡಿಯುವ ನೋವು, ಜೊತೆಗೆ ವಾಂತಿ. ಆದರೂ ಹಟ: "ನೀನು ಕೆಲಸಕ್ಕೆ ಹೋಗು, ಆಸ್ಪತ್ರೆಗೆ ನಾನೊಬ್ಳೇ ಹೋಗ್ತೀನಿ, ನಾನೇನು ಮಗೂನಾ?" ಇಷ್ಟು ದಿನಕ್ಕೆ ಆ ಆಸ್ಪತ್ರೆಯವರು ಬೇರೆ ಡಾಕ್ಟರನ್ನು ಹಾಕಿರುತ್ತಾರೆ ಎಂದುಕೊಂಡು ಅವಳು ಆಫೀಸಿಗೆ ಹೋದಳು. ಸಂಜೆ ಬಂದರೆ ಮನೆಗೆ ಬೀಗ. ಆಸ್ಪತ್ರೆಗೆ ಓಡಿದಳು. ಹಜಾರದಲ್ಲಿ ಕಸ ಗುಡಿಸುತ್ತಿದ್ದರು. ಬೋರ್ಡಿನ ಕೆಳಗೆ ಚಿಕ್ಕಮ್ಮ ಒಬ್ಬಳೇ, ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಕೂತಿದ್ದಳು. ಮೇಲೆ ಅವಳ ಹೆಸರು. ಪಕ್ಕದಲ್ಲಿ ಏನೂ ಇಲ್ಲ.

"ಯಾರನ್ನೂ ಕೇಳಲಿಲ್ವಾ ಚಿಕ್ಕಮ್ಮ?"

"ಕೇಳಿದೆ ಕಣೇ. ಬೋರ್ಡ್ ನೋಡ್ತಾ ಇರಿ, ನಂಬರ್ ಬರತ್ತೆ ಅಂದ್ರು. ಹೆಸರು ಬಂದಿದೆಯಲ್ಲ, ನಂಬರೂ ಬರತ್ತೆ ಅಂತ ಕೂತೆ. ನೀರು ಕುಡಿಯೋಕೂ ಏಳಲಿಲ್ಲ, ಅಷ್ಟರಲ್ಲಿ ಬಂದು ಹೋಗಿಬಿಟ್ರೆ?"

ಬೇರೆ ಕಡೆ ತೋರಿಸಿದಾಗ ಅಲ್ಲಿನ ಡಾಕ್ಟರಮ್ಮ, ಕಣ್ಣಿನೊಳಗಿನ ಒತ್ತಡ ಏರಿಬಿಟ್ಟಿದೆ, ಬೆಳಿಗ್ಗೆಯೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಆ ಕಣ್ಣು ಹೋಯಿತು.

"ಹೋಗ್ಲಿ ಬಿಡು, ಇನ್ನೊಂದಿದೆಯಲ್ಲ" ಎಂದಳು ಚಿಕ್ಕಮ್ಮ. ಮನೆಗೆ ಬಂದು ಸೂಜಿಗೆ ದಾರ ಪೋಣಿಸಲು ಕೂತಳು. ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಮತ್ತೆ ನಾಲಿಗೆಗೆ ಒತ್ತಿ ಚೂಪು ಮಾಡಿದಳು, ಮತ್ತೆ ಪಕ್ಕಕ್ಕೇ ಹೋಯಿತು. ಬೆಂಕಿಪೆಟ್ಟಿಗೆ ಅದನ್ನು ನೋಡುತ್ತ ನಿಂತಿದ್ದಳು. ಪುಟ ಬೀಳಬಾರದು, ಮನುಷ್ಯರು ಬಿದ್ದರೆ ಪರವಾಗಿಲ್ಲ. ಇದೆಂಥ ನ್ಯಾಯ? ಇವರ ಮರ್ಯಾದೆ ಉಳಿಸಲು ನಮ್ಮ ಚಿಕ್ಕಮ್ಮನ ಕಣ್ಣೇ ಬೇಕಿತ್ತೇ?

ಮಾರನೆಯ ದಿನ ಯಾರನ್ನೂ ಕೇಳದೆ ಆ ಚಿಹ್ನೆಯನ್ನು ಕಿತ್ತೆಸೆದಳು. ಡಾಕ್ಟರಿಲ್ಲದ ಸಾಲುಗಳಲ್ಲಿ ಕೆಂಪು ಬಣ್ಣದ ದಪ್ಪ ಅಕ್ಷರ ಬರುವಂತೆ ಬರೆದಳು: "ನಿಮ್ಮನ್ನು ನೋಡಲು ಡಾಕ್ಟರ್ ಇಲ್ಲ. ಕಾಯಬೇಡಿ. ಕೌಂಟರಿನಲ್ಲಿ ಕೇಳಿ."

ಹಜಾರದಲ್ಲಿ ಕೂತಿದ್ದ ಜನ ಒಬ್ಬೊಬ್ಬರಾಗಿ ಎದ್ದರು. ಕೌಂಟರಿಗೆ ಮುತ್ತಿಗೆ ಬಿತ್ತು. ಆಸ್ಪತ್ರೆಯ ಯಜಮಾನರು ಫೋನಿನಲ್ಲಿ ಮ್ಯಾನೇಜರಿಗೆ ಮಂಗಳಾರತಿ ಎತ್ತಿದರು.

"ಯಾರನ್ನ ಕೇಳಿ ಹಾಕಿದೆ?" ಮ್ಯಾನೇಜರು ಅವಳ ಮೇಜಿನ ಮುಂದೆ ಏದುಸಿರು ಬಿಡುತ್ತಿದ್ದರು. "ತೆಗಿ ಅದನ್ನ."

"ಒಬ್ಬ ಕಣ್ಣಿನ ಡಾಕ್ಟರನ್ನ ಹಾಕೋಕೆ ಹೇಳಿ ಸಾರ್. ಅದು ತಾನಾಗೇ ಹೋಗತ್ತೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಕೊನೆಗೆ ಧ್ವನಿ ಇಳಿಸಿ, "ಅಕ್ಷರ ಆದ್ರೂ ಸ್ವಲ್ಪ ಚಿಕ್ಕದು ಮಾಡಮ್ಮ. ಬೀದಿಯಿಂದಲೇ ಕಾಣ್ಸತ್ತಂತೆ" ಎಂದರು.

"ಆಗಲ್ಲ" ಎಂದಳು. "ನಮ್ಮ ಚಿಕ್ಕಮ್ಮ ಇನ್ಮೇಲೆ ಒಂದೇ ಕಣ್ಣಲ್ಲಿ ಓದ್ಬೇಕು."